ಗಾಜಿನ ಮಿನುಗು ಬಿಡಿ, ಕಬ್ಬಿಣದ ತೂಕ ನೋಡಿ

ಬೇಲೂರು ತಾಲ್ಲೂಕಿನ ಮಾದಿಹಳ್ಳಿ ಕಡೆಯ ಓದುಗರೊಬ್ಬರು ಉದ್ದನೆಯ ಪ್ರಶ್ನೆ ಕಳಿಸಿದ್ದಾರೆ. ಅವರ ಮನೆಯಲ್ಲಿ ಚಿಕ್ಕದೊಂದು ವಾಲ್ವ್ ಆಂಪ್ಲಿಫೈಯರ್ ಇದೆ. ಚಾನೆಲ್ಲಿಗೆ ಎರಡೆರಡು ಇಎಲ್84 ವಾಲ್ವು, ಹತ್ತು ಹನ್ನೆರಡು ವಾಟಿನದು. ಸ್ಪೀಕರುಗಳು ಪುಟ್ಟವು, ಕಪಾಟಿನ ಮೇಲೆ ಕೂರುವಂಥವು. ಹಾಕುವುದು ದೊರೆಸ್ವಾಮಿ ಅಯ್ಯಂಗಾರರ ವೀಣೆ, ಮಲ್ಲಿಕಾರ್ಜುನ ಮನ್ಸೂರರ ಖಯಾಲು, ಕಾಳಿಂಗರಾಯರ ಹಾಡು; ಮನೆಮಂದಿ ಕೂತಾಗ ರಾಜನ್-ನಾಗೇಂದ್ರ. ಈಗ ದೊಡ್ಡ ಆಂಪ್ಲಿಫೈಯರಿಗೆ ಹೋಗಬೇಕೆಂಬ ಆಸೆ. ‘ಕೆಟಿ88 ಹಾಕಿರೋದು ತಗೊಳ್ಳಲೋ, 300ಬಿ ತಗೊಳ್ಳಲೋ, ಇಲ್ಲ ಇರೋದಕ್ಕೇ ಹಳೇ ಬಿಇಎಲ್ ವಾಲ್ವ್ ಹುಡುಕಿ ಹಾಕಿ ನೋಡಲೋ ಸಾರ್?’ ಎಂದು ಕೇಳಿದ್ದಾರೆ. ಪತ್ರದ ತುದಿಯಲ್ಲಿ, ಹೇಳಬೇಕೋ ಬೇಡವೋ ಎಂಬಂತೆ, ಇನ್ನೊಂದು ಸಾಲು: ‘ನಮ್ಮ ಕಡೆ ಓಲ್ಟೇಜು ಒಂದೇ ಸಮ ಇರೋದಿಲ್ಲ.’

ಈ ತುದಿಯ ಸಾಲು ಪತ್ರದ ತಲೆಯಲ್ಲಿರಬೇಕಿತ್ತು. ಅದರ ವಿಚಾರಕ್ಕೆ ಆಮೇಲೆ ಬರುತ್ತೇನೆ. ಮೊದಲು ಇಷ್ಟು ಹೇಳಿಬಿಡುತ್ತೇನೆ: ವಾಲ್ವ್ ಆಂಪ್ಲಿಫೈಯರಿನಲ್ಲಿ ಕಣ್ಣಿಗೆ ಬೀಳುವುದು ಗಾಜು, ದುಡ್ಡು ಹಾಕಬೇಕಾದದ್ದು ಕಬ್ಬಿಣಕ್ಕೆ. ಕೆಂಪಗೆ ಮಿನುಗುವ ಆ ಬುರುಡೆಗಳ ಹಿಂದೆ ಕಪ್ಪು ಡಬ್ಬಿಯೊಳಗೆ ಮುಖ ಮುಚ್ಚಿಕೊಂಡು ಕೂತಿರುವ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಇದೆಯಲ್ಲ, ಹಾಡುವುದು ಅದು. ಜಾಹೀರಾತಿನ ಫೋಟೋದಲ್ಲಿ ಮಾತ್ರ ಅದಕ್ಕೆ ಜಾಗವಿಲ್ಲ.

ವಾಲ್ವು ನಮ್ಮವರಿಗೆ ಹೊಸದೇನಲ್ಲ. 1935ರಲ್ಲಿ ಮೈಸೂರಿನಲ್ಲಿ ಡಾ. ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ ಬಾನುಲಿ ಶುರು ಮಾಡಿ ‘ಆಕಾಶವಾಣಿ’ ಎಂದು ಕರೆದಾಗ, ಅಲ್ಲಿದ್ದ 30 ವಾಟಿನ ಟ್ರಾನ್ಸ್‌ಮಿಟರು ವಾಲ್ವಿನದೇ. ಆಗ ಬೇರೇನೂ ಇರಲೂ ಇಲ್ಲ; ಟ್ರಾನ್ಸಿಸ್ಟರು ಹುಟ್ಟಿದ್ದು 1947ರಲ್ಲಿ. ಮೈಸೂರಿನ ಮಹಾರಾಜರಾಗಿದ್ದ ಜಯಚಾಮರಾಜೇಂದ್ರ ಒಡೆಯರು ಪಾಶ್ಚಾತ್ಯ ಸಂಗೀತದಲ್ಲಿ ಮುಳುಗಿದವರು. ಲಂಡನ್ನಿನ ಫಿಲ್‌ಹಾರ್ಮೋನಿಯಾ ಕನ್ಸರ್ಟ್ ಸೊಸೈಟಿಗೆ 1948ರಲ್ಲಿ ಮೊದಲ ಅಧ್ಯಕ್ಷರಾದರು. ನಿಕೊಲಾಯ್ ಮೆಡ್ನರ್ ಎಂಬ, ಲೋಕ ಮರೆಯುತ್ತಿದ್ದ ರಷ್ಯನ್ ಸಂಗೀತಗಾರನ ಕೃತಿಗಳನ್ನು ಅವನೇ ನುಡಿಸಿ ಎಚ್‌ಎಂವಿ ರೆಕಾರ್ಡಿಗೆ ಕೊಡುವಂತೆ ಹಣ ಒದಗಿಸಿದರು. ಅವರ ಅರಮನೆಯ ರೆಕಾರ್ಡ್ ಸಂಗ್ರಹವನ್ನೂ ಬಗೆಬಗೆಯ ಸ್ಪೀಕರುಗಳನ್ನೂ ನೋಡಿದ ರೆಕಾರ್ಡ್ ನಿರ್ಮಾಪಕ ವಾಲ್ಟರ್ ಲೆಗ್ ಬೆರಗಾಗಿ ಹೋದ. ಆ ಕಾಲದಲ್ಲಿ ಮನೆಯಲ್ಲಿ ಕೂತು ಒಳ್ಳೆಯ ಧ್ವನಿ ಕೇಳುವುದು ಅರಮನೆಯವರ ಹವ್ಯಾಸ.

ಅದು ಸಾಮಾನ್ಯರ ಮನೆಗೆ ಇಳಿದದ್ದಕ್ಕೆ ಬೆಂಗಳೂರಿನ ಜಾಲಹಳ್ಳಿಗೂ ಪಾಲಿದೆ. 1954ರಲ್ಲಿ ಶುರುವಾದ ಭಾರತ್ ಎಲೆಕ್ಟ್ರಾನಿಕ್ಸ್, ಅಂದರೆ ನಮ್ಮ ಬಿಇಎಲ್, 1961ರಿಂದ ರೇಡಿಯೋ ವಾಲ್ವುಗಳನ್ನು ತಯಾರಿಸತೊಡಗಿತು. ತಮಾಷೆಯೆಂದರೆ ಮರುವರ್ಷವೇ ಅದೇ ಕಾರ್ಖಾನೆ ಜರ್ಮೇನಿಯಂ ಅರೆವಾಹಕಗಳಿಗೂ ಕೈಹಾಕಿತು. ಮನೆಗೆ ಸೊಸೆಯನ್ನು ತಂದ ಮರುವರ್ಷವೇ ಅವಳ ಸವತಿಯನ್ನೂ ತಂದು ಕೂರಿಸಿದ ಹಾಗೆ. ಇಪ್ಪತ್ತು ವರ್ಷದೊಳಗೆ ಹಳ್ಳಿಹಳ್ಳಿಗೂ ಟ್ರಾನ್ಸಿಸ್ಟರು ಹಬ್ಬಿತು. ಅಂಚೆ ಕಚೇರಿಯಲ್ಲಿ ಲೈಸೆನ್ಸ್ ಶುಲ್ಕ ಕಟ್ಟಿ ಇಟ್ಟುಕೊಂಡಿದ್ದ ಮರದ ಪೆಟ್ಟಿಗೆಯ ದೊಡ್ಡ ರೇಡಿಯೋಗಳು ಅಟ್ಟ ಸೇರಿದವು. ಈಗ ಹಾಸನ, ಅರಸೀಕೆರೆಯ ಹಳೇ ರೇಡಿಯೋ ರಿಪೇರಿಯವರ ಕಪಾಟು ತಡಕಿದರೆ ಬಿಇಎಲ್ ಎಂದು ಅಚ್ಚಾದ ರಟ್ಟಿನ ಡಬ್ಬಿ ಸಿಕ್ಕರೂ ಸಿಕ್ಕೀತು. ನಮ್ಮ ಓದುಗರ ಕಣ್ಣು ಬಿದ್ದಿರುವುದು ಅದರ ಮೇಲೆ.

ಇಷ್ಟಕ್ಕೂ ವಾಲ್ವು ಏಕೆ? ಅಳೆದು ನೋಡಿದರೆ ಸಾಧಾರಣ ಬೆಲೆಯ ಒಳ್ಳೆಯ ಟ್ರಾನ್ಸಿಸ್ಟರ್ ಆಂಪ್ಲಿಫೈಯರು ಬಹುಪಾಲು ವಾಲ್ವ್ ಆಂಪ್ಲಿಫೈಯರುಗಳಿಗಿಂತ ನಿಖರ. ವಾಲ್ವ್ ಪ್ರಿಯರು ಒಪ್ಪಲಿ ಬಿಡಲಿ, ಮೀಟರು ಹೇಳುವುದು ಅದನ್ನೇ. ವಾಲ್ವಿನದು ತಪ್ಪೇ, ಆದರೆ ಹಿತವಾದ ತಪ್ಪು. ಸಂಗೀತ ಬಲ್ಲವರಿಗೆ ಇದನ್ನು ತಿಳಿಹೇಳುವುದು ಸುಲಭ. ಆಂಪ್ಲಿಫೈಯರು ಷಡ್ಜವನ್ನು ಹಿಗ್ಗಿಸುವಾಗ ತನ್ನ ಕಡೆಯಿಂದ ಒಂದಿಷ್ಟು ಬೇರೆ ಸ್ವರ ಸೇರಿಸುತ್ತದೆ. ಎರಡು ಪಟ್ಟು ಕಂಪನದ್ದು ಸೇರಿದರೆ ಅದು ತಾರ ಷಡ್ಜ. ಮೂರು ಪಟ್ಟಿನದು ತಾರ ಸ್ಥಾಯಿಯ ಪಂಚಮ. ಐದು ಪಟ್ಟಿನದು ಇನ್ನೂ ಮೇಲಿನ ಅಂತರ ಗಾಂಧಾರ. ಇವೆಲ್ಲ ತಂಬೂರಿಯ ತಂತಿಯಲ್ಲೇ ಕೇಳಿಸುವ ಸ್ವರಗಳು, ಕಿವಿ ಇವನ್ನು ಅಪಸ್ವರವೆಂದು ಎಣಿಸುವುದಿಲ್ಲ. ಏಳು ಪಟ್ಟಿನದು ಮಾತ್ರ ಯಾವ ಮೆಟ್ಟಿಲ ಮೇಲೂ ನೆಟ್ಟಗೆ ಕೂರದು, ಕೈಶಿಕಿ ನಿಷಾದದಿಂದ ಸ್ವಲ್ಪ ಕೆಳಕ್ಕೆ ಜಾರುತ್ತದೆ. ಅದಕ್ಕೂ ಮೇಲಿನವು ಇನ್ನಷ್ಟು ಒರಟು. ಒಳ್ಳೆಯ ವಾಲ್ವ್ ಸರ್ಕಿಟ್ಟು ಸೇರಿಸುವುದು ಹೆಚ್ಚಾಗಿ ಎರಡು, ಮೂರು ಪಟ್ಟಿನವನ್ನು. ಜೊತೆಗೆ, ಶಕ್ತಿ ಮೀರಿ ದುಡಿಸಿದಾಗ ವಾಲ್ವು ಮೆಲ್ಲಗೆ ಬಾಗುತ್ತದೆ; ಟ್ರಾನ್ಸಿಸ್ಟರು ಕತ್ತರಿಸಿದಂತೆ ನಿಂತುಬಿಡುತ್ತದೆ. ವೀಣೆಯ ಮೀಟು, ಮನ್ಸೂರರ ಆಕಾರ ಇಲ್ಲೆಲ್ಲ ವಾಲ್ವು ‘ತುಂಬಿ ಬಂತು’ ಅನ್ನಿಸುವುದಕ್ಕೆ ಇವು ದೊಡ್ಡ ಕಾರಣ. ಮಂತ್ರವೇನಿಲ್ಲ.

ಮಾರುವವರ ಬಾಯಲ್ಲಿ ಬರುವ ಎರಡು ಮಾತುಗಳ ಅರ್ಥವೂ ಇಲ್ಲೇ ಇದೆ. ‘ಸಿಂಗಲ್ ಎಂಡೆಡ್’ ಅಂದರೆ ಚಾನೆಲ್ಲಿಗೆ ಒಂದೇ ಔಟ್‌ಪುಟ್ ವಾಲ್ವು ಇಡೀ ಅಲೆಯನ್ನು ಹೊರುವ ಕ್ರಮ. ಎರಡು ಪಟ್ಟಿನ ಆ ತಾರ ಷಡ್ಜ ಇದರಲ್ಲಿ ಧಾರಾಳ. ‘ಪುಶ್‌ಪುಲ್’ ಅಂದರೆ ಎರಡು ವಾಲ್ವುಗಳು ಎದುರುಬದುರು ನಿಂತು ಒಂದು ತಳ್ಳಿದರೆ ಇನ್ನೊಂದು ಎಳೆಯುವ ಕ್ರಮ. ಸರಿಸಂಖ್ಯೆಯ ಪಟ್ಟುಗಳು ಇದರಲ್ಲಿ ಒಂದನ್ನೊಂದು ಹೊಡೆದುಹಾಕುತ್ತವೆ, ಧ್ವನಿ ಹೆಚ್ಚು ಸ್ವಚ್ಛ, ವಾಟೂ ಹೆಚ್ಚು. ನಮ್ಮ ಓದುಗರ ಇಎಲ್84 ಪೆಟ್ಟಿಗೆ ಪುಶ್‌ಪುಲ್. ಅವರು ಆಸೆಪಟ್ಟಿರುವ 300ಬಿ ಸಾಮಾನ್ಯವಾಗಿ ಸಿಂಗಲ್ ಎಂಡೆಡ್, ಚಾನೆಲ್ಲಿಗೆ ಸುಮಾರು 8 ವಾಟ್. 1930ರ ದಶಕದಲ್ಲಿ ಅಮೆರಿಕದ ವೆಸ್ಟರ್ನ್ ಎಲೆಕ್ಟ್ರಿಕ್ ಕಂಪನಿ ತಂದ ವಾಲ್ವು ಅದು. ಸಿನಿಮಾ ಮಂದಿರಗಳಲ್ಲಿ ಆಳೆತ್ತರದ ಕಹಳೆ ಸ್ಪೀಕರುಗಳ ಜೊತೆ ದುಡಿದದ್ದು. ಆ ಸ್ಪೀಕರಿಲ್ಲದೆ ಆ ವಾಲ್ವನ್ನಷ್ಟೇ ಮನೆಗೆ ತಂದು ‘ಅಷ್ಟೊಂದು ಹೊಗಳ್ತಾರಲ್ಲ, ಇದೇನು?’ ಎಂದು ಕೇಳುವವರು ಬಹಳ.

ಎಷ್ಟು ವಾಟ್ ಬೇಕು? ಇದಕ್ಕೆ ಉತ್ತರ ಆಂಪ್ಲಿಫೈಯರಿನಲ್ಲಿಲ್ಲ, ಸ್ಪೀಕರಿನ ಹಿಂಬದಿಯ ಚೀಟಿಯಲ್ಲಿದೆ. ಇವರ ಸ್ಪೀಕರಿನದು 86 ಡೆಸಿಬೆಲ್. ಅಂದರೆ ಒಂದು ವಾಟ್ ಕೊಟ್ಟರೆ ಒಂದು ಮೀಟರ್ ದೂರದಲ್ಲಿ ಅಷ್ಟು ಸದ್ದು. ಮೂರು ಮೀಟರ್ ಹಿಂದೆ ಕೂತರೆ ಕಡಿಮೆಯಾಗುತ್ತದೆ. ಸ್ಪೀಕರು ಎರಡಿರುವುದರಿಂದಲೂ ಗೋಡೆಗಳು ಸದ್ದನ್ನು ಹಿಂದಿರುಗಿಸುವುದರಿಂದಲೂ ಒಂದಷ್ಟು ಮರಳಿ ಸಿಗುತ್ತದೆ. ಕೂಡಿಸಿ ಕಳೆದರೆ ಕೂತ ಜಾಗದಲ್ಲಿ ಒಂದು ವಾಟಿಗೆ 83ರ ಆಸುಪಾಸು. ಮನೆಯಲ್ಲಿ ನೆಮ್ಮದಿಯಾಗಿ ಸಂಗೀತ ಕೇಳುವ ಮಟ್ಟ ಸುಮಾರು 75. ಅಂದರೆ ಹೊತ್ತಿನ ಬಹುಪಾಲು ನೀವು ಬಳಸುವುದು ಕಾಲು ವಾಟೂ ಅಲ್ಲ!

ಹಾಗಾದರೆ ಉಳಿದ ವಾಟೆಲ್ಲ ಏಕೆ? ಮೃದಂಗದ ಒಂದು ಏಟಿಗೆ. ಸರಾಸರಿಗಿಂತ 15 ಡೆಸಿಬೆಲ್ ಮೇಲೆ ಹಾರುವ ಏಟಿಗೆ ಮೂವತ್ತು ಪಟ್ಟಿಗೂ ಹೆಚ್ಚು ಶಕ್ತಿ ಬೇಕು. 75ರ ಸರಾಸರಿಗೆ 90ರ ಏಟು, ಅದಕ್ಕೆ 5 ವಾಟ್ ಸಾಕು. ಸ್ವಲ್ಪ ಗಟ್ಟಿಯಾಗಿ, 80ರಲ್ಲಿ ಕೇಳುವವರಿಗೆ 95ರ ಏಟು, 16 ವಾಟ್. ಇವರ ಹನ್ನೆರಡು ವಾಟು ಅಂಚಿನಲ್ಲಿದೆ. ಜೋರಾಗಿ ಹಾಕಿದಾಗ ತನಿ ಆವರ್ತನದಲ್ಲಿ ಮೃದಂಗದ ತೊಪ್ಪಿ ಮೆತ್ತಗಾಗುತ್ತದೆ ಎಂದು ಅವರು ಬರೆದಿರುವುದಕ್ಕೆ ಇದೇ ಕಾರಣವಿರಬೇಕು. ಇಲ್ಲಿಗೆ 8 ವಾಟಿನ 300ಬಿ ತಂದರೆ ಇನ್ನಷ್ಟು ಮೆತ್ತಗಾದೀತೇ ವಿನಾ ಸುಧಾರಿಸದು. ಹೀಗಾಗಿ ಈ ಸ್ಪೀಕರುಗಳ ಮಟ್ಟಿಗೆ ಆ ಆಸೆ ಬಿಡಿ.

35 ವಾಟಿನ ದೊಡ್ಡ ಪೆಟ್ಟಿಗೆ ತಂದರೆ? 12ರಿಂದ 35ಕ್ಕೆ ಹೋದರೆ ಸಿಗುವುದು ನಾಲ್ಕೂವರೆ ಡೆಸಿಬೆಲ್. ವಾಟು ಮೂರು ಪಟ್ಟಾದ ಮಾತ್ರಕ್ಕೆ ಸದ್ದು ಮೂರು ಪಟ್ಟಾಗುವುದಿಲ್ಲ. ಕಿವಿಗೆ ‘ಎರಡರಷ್ಟಾಯ್ತು’ ಅನ್ನಿಸಬೇಕಾದರೆ ಹತ್ತು ಪಟ್ಟು ವಾಟ್ ಬೇಕು. ಅದೇ 92 ಡೆಸಿಬೆಲ್ಲಿನ ಸ್ಪೀಕರ್ ತಂದರೆ ಆರು ಡೆಸಿಬೆಲ್ ಪುಕ್ಕಟೆ, ಈಗಿರುವ ಹನ್ನೆರಡು ವಾಟೇ ನಲವತ್ತೆಂಟು ವಾಟಿನಷ್ಟು ಕೆಲಸ ಮಾಡುತ್ತದೆ. ಆಂಪ್ಲಿಫೈಯರ್ ಕೇಳಿದವರಿಗೆ ಸ್ಪೀಕರ್ ತಗೊಳ್ಳಿ ಅನ್ನುವುದು ಕೇಳುವವರಿಗೆ ರುಚಿಸುವುದಿಲ್ಲ, ಗೊತ್ತು. ಲೆಕ್ಕ ಹಾಗಿದೆ. ಸ್ಪೀಕರ್ ಆರಿಸುವಾಗ ಇನ್ನೊಂದನ್ನೂ ಗಮನಿಸಿ: ವಾಲ್ವಿನ ಹಿಡಿತ ಟ್ರಾನ್ಸಿಸ್ಟರಿನಷ್ಟು ಬಿಗಿಯಲ್ಲ. ಸ್ಪೀಕರಿನ ಓಮ್ ಅಲ್ಲಲ್ಲಿ ಮೂರಕ್ಕೂ ಕೆಳಗೆ ಕುಸಿಯುವಂತಿದ್ದರೆ ಧ್ವನಿಯ ಬಣ್ಣವೇ ಬದಲಾಗುತ್ತದೆ. 8 ಓಮಿನ ಆಸುಪಾಸಿನಲ್ಲೇ ಇರುವ, ಸಾಧುವಾದ ಸ್ಪೀಕರ್ ಒಳ್ಳೆಯದು.

ಈಗ ಕಬ್ಬಿಣ. ವಾಲ್ವಿನ ಒಳಗೆ ಆಗುವುದಿಷ್ಟು: ನಡುವಿನ ತಂತಿ, ಅಂದರೆ ಹೀಟರು, ಕಾದು ಸುತ್ತಲಿನ ಕ್ಯಾಥೋಡನ್ನು ಕಾಯಿಸುತ್ತದೆ, ಅದರಿಂದ ಎಲೆಕ್ಟ್ರಾನುಗಳು ಹೊರಬೀಳುತ್ತವೆ, ಮುನ್ನೂರು ನಾನೂರು ವೋಲ್ಟಿನ ಪ್ಲೇಟು ಅವನ್ನು ಸೆಳೆಯುತ್ತದೆ, ದಾರಿಯಲ್ಲಿ ಕೂತ ಗ್ರಿಡ್ ಸಂಗೀತದ ತಾಳಕ್ಕೆ ತಕ್ಕಂತೆ ಅವನ್ನು ಬಿಡುತ್ತದೆ, ತಡೆಯುತ್ತದೆ. ಹೊರಬರುವುದು ಹೆಚ್ಚು ವೋಲ್ಟು, ತೀರಾ ಕಡಿಮೆ ಕರೆಂಟು. ಸ್ಪೀಕರಿಗೆ ಬೇಕಾದದ್ದು ಇದರ ತದ್ವಿರುದ್ಧ. ವಾಲ್ವು 5,000 ಓಮಿನ ಹೊರೆ ಕೇಳುತ್ತದೆ, ಸ್ಪೀಕರ್ 8 ಓಮಿನದು. ಇವೆರಡಕ್ಕೂ ನಂಟು ಬೆಸೆಯುವುದು ಔಟ್‌ಪುಟ್ ಟ್ರಾನ್ಸ್‌ಫಾರ್ಮರ್. 5,000ವನ್ನು 8ರಿಂದ ಭಾಗಿಸಿ, 625. ಅದರ ವರ್ಗಮೂಲ 25. ಆ ಕಡೆ ಇಪ್ಪತ್ತೈದು ಸುತ್ತಿಗೆ ಈ ಕಡೆ ಒಂದು ಸುತ್ತು.

ಲೆಕ್ಕ ಇಷ್ಟೇ ಆಗಿದ್ದರೆ ಬೇಲೂರಿನ ಮೋಟರ್ ರಿವೈಂಡಿಂಗ್ ಅಂಗಡಿಯಲ್ಲೇ ಸುತ್ತಿಸಿಕೊಳ್ಳಬಹುದಿತ್ತು. ಪಂಪ್‌ಸೆಟ್ ಮೋಟರು ಸುಟ್ಟರೆ ಸಂಜೆಯೊಳಗೆ ಎನಾಮಲ್ ತಂತಿ ಸುತ್ತಿ ವಾರ್ನಿಷ್ ಹೊಯ್ದು ಕೊಡುವ ನಿಪುಣರು ನಮ್ಮಲ್ಲಿದ್ದಾರೆ. ಆದರೆ ಮೋಟರಿಗೆ ಬೇಕಾದದ್ದು ಸೆಕೆಂಡಿಗೆ 50 ಕಂಪನ, ಅದೊಂದೇ. ಔಟ್‌ಪುಟ್ ಟ್ರಾನ್ಸ್‌ಫಾರ್ಮರಿಗೆ 30ರಿಂದ 20,000ದವರೆಗೆ ಎಲ್ಲವೂ ಬೇಕು. ತಗ್ಗು ಸ್ವರಕ್ಕೆ ಹೆಚ್ಚು ಸುತ್ತು, ದಪ್ಪ ಕಬ್ಬಿಣದ ತಿರುಳು ಬೇಕು. ಸುತ್ತು ಹೆಚ್ಚಿದಂತೆ ಮೇಲಿನ ಸ್ವರ ಸೋರಿಹೋಗುತ್ತದೆ. ಆ ಸೋರಿಕೆ ತಡೆಯಲು ವಾಲ್ವಿನ ಕಡೆಯ ಸುತ್ತಾದ ಪ್ರೈಮರಿಯ ಒಂದು ಪದರ, ಸ್ಪೀಕರಿನ ಕಡೆಯ ಸುತ್ತಾದ ಸೆಕೆಂಡರಿಯ ಒಂದು ಪದರ, ಮತ್ತೆ ಪ್ರೈಮರಿ ಎಂದು ಹೆಣೆಯುತ್ತ, ನಡುನಡುವೆ ಕಾಗದ ಕೊಡುತ್ತ ಸುತ್ತಬೇಕು. ಸಿಂಗಲ್ ಎಂಡೆಡ್‌ನಲ್ಲಾದರೆ ಡಿಸಿ ಕರೆಂಟು ಒಂದೇ ದಿಕ್ಕಿಗೆ ಸದಾ ಹರಿಯುವುದರಿಂದ ಕಬ್ಬಿಣ ತುಂಬಿ ಕಟ್ಟಿಕೊಳ್ಳದಂತೆ ಸಣ್ಣ ಸಂದು ಬಿಡಬೇಕು; ಸಂದು ಬಿಟ್ಟರೆ ಕಬ್ಬಿಣ ಇನ್ನಷ್ಟು ದೊಡ್ಡದಾಗಬೇಕು. ಒಳ್ಳೆಯ ಆಂಪ್ಲಿಫೈಯರಿನ ಬೆಲೆ ಏರುವುದು ಇಲ್ಲಿ, ಅಗ್ಗದ್ದು ಕೈಕೊಡುವುದೂ ಇಲ್ಲೇ.

1947ರಲ್ಲಿ ಡಿ.ಟಿ.ಎನ್. ವಿಲಿಯಮ್ಸನ್ ಎಂಬ ಇಂಜಿನಿಯರು ಬ್ರಿಟನ್ನಿನ ‘ವೈರ್‌ಲೆಸ್ ವರ್ಲ್ಡ್’ ಪತ್ರಿಕೆಯಲ್ಲಿ ಒಂದು ಆಂಪ್ಲಿಫೈಯರಿನ ನಕ್ಷೆ ಪ್ರಕಟಿಸಿದರು. ಎರಡು ಕೆಟಿ66 ವಾಲ್ವು, 15 ವಾಟ್, ವಿಕೃತಿ ಶೇ. 0.1ಕ್ಕೂ ಕಡಿಮೆ. ಮನೆಯ ಹೈಫೈ ಎಂಬುದಕ್ಕೆ ಮೇಲ್ಪಂಕ್ತಿ ಹಾಕಿದ್ದೇ ಅದು. ಆ ವಾಲ್ವು ಅಂಗಡಿಯಲ್ಲಿ ಸಿಗುತ್ತಿದ್ದ ಮಾಮೂಲು ಸರಕು. ವಿಲಿಯಮ್ಸನ್ ಹೆಚ್ಚು ತಲೆ ಕೆಡಿಸಿಕೊಂಡದ್ದು ಟ್ರಾನ್ಸ್‌ಫಾರ್ಮರಿನ ಮೇಲೆ. ಅದನ್ನು ಹೇಗೆ ಭಾಗ ಮಾಡಿ ಸುತ್ತಬೇಕೆಂದು ವಿವರವಾಗಿ ಬರೆದರು. ಎಪ್ಪತ್ತೈದು ವರ್ಷ ಕಳೆದರೂ ಈ ನ್ಯಾಯ ಬದಲಾಗಿಲ್ಲ.

ಹಾಗಾಗಿ ಕೊಳ್ಳಲು ಹೋದಾಗ ಮೊದಲು ಆಂಪ್ಲಿಫೈಯರನ್ನು ಎರಡೂ ಕೈಯಲ್ಲಿ ಎತ್ತಿ ನೋಡಿ. ಸ್ಟೀರಿಯೋ, ಚಾನೆಲ್ಲಿಗೆ 35 ವಾಟ್ ಎಂದು ಬರೆದಿದ್ದು, ಒಂದೇ ಕೈಯಲ್ಲಿ ಆರಾಮಾಗಿ ಎತ್ತಲು ಬಂದರೆ ಬರೆದದ್ದು ಸುಳ್ಳು. ಆ ದರ್ಜೆಯದು 15 ಕಿಲೋಗೆ ಕಡಿಮೆ ತೂಗಬಾರದು, 20 ತೂಗಿದರೆ ಸಂತೋಷ. ವಾಟು ಎಷ್ಟು ಎಂದು ಕೇಳುವ ಬದಲು ‘30 ಹರ್ಟ್ಸಿನಲ್ಲಿ ಎಷ್ಟು ವಾಟ್ ಬರುತ್ತೆ?’ ಎಂದು ಕೇಳಿ. ಜಾಹೀರಾತಿನ ವಾಟನ್ನು ಅಳೆಯುವುದು ನಡುವಿನ ಸ್ವರದಲ್ಲಿ, 1,000 ಹರ್ಟ್ಸಿನಲ್ಲಿ. ಅಲ್ಲಿ ಬಡ ಟ್ರಾನ್ಸ್‌ಫಾರ್ಮರೂ ಪಾಸಾಗುತ್ತದೆ. ತಗ್ಗಿನಲ್ಲಿ ಅದರ ಬಂಡವಾಳ ಬಯಲು.

ಇದೇ ಕಾರಣಕ್ಕೆ, ಇರುವ ಪೆಟ್ಟಿಗೆಗೇ ‘ಮೇಲ್ದರ್ಜೆಯ’ ವಾಲ್ವು ಹಾಕುವ ಯೋಚನೆಯೂ ಬಹಳ ದೂರ ಹೋಗದು. ಇಎಲ್84 ಒಂಬತ್ತು ಪಿನ್ನಿನ ಪುಟ್ಟ ವಾಲ್ವು, ಕೆಟಿ88 ಎಂಟು ಪಿನ್ನಿನ ದೊಡ್ಡದು; ಒಂದರ ಜಾಗದಲ್ಲಿ ಇನ್ನೊಂದು ಕೂರುವುದೇ ಇಲ್ಲ. ಇಎಲ್34, 6ಎಲ್6, ಕೆಟಿ88 ಈ ಮೂರೂ ಒಂದೇ ಬಗೆಯ ಸಾಕೆಟ್ಟಿನಲ್ಲಿ ಕೂರುತ್ತವೆ ನಿಜ, ಆದರೆ ಕೂತ ಮಾತ್ರಕ್ಕೆ ಹೊಂದುವುದಿಲ್ಲ. ಬಯಾಸ್, ಅಂದರೆ ಗ್ರಿಡ್ಡಿಗೆ ಕೊಡುವ ಸ್ಥಿರ ವೋಲ್ಟು, ಬದಲಿಸಬೇಕು, ಹೀಟರಿನ ಕರೆಂಟು ಬೇರೆ, ಇಎಲ್34ರ ಒಂದನೇ ಪಿನ್ನಿನ ವ್ಯವಹಾರವೇ ಬೇರೆ. ಎಲ್ಲ ಸರಿಮಾಡಿ ಕೆಟಿ88 ಕೂರಿಸಿದರೂ ಹಿಂದಿನ ಟ್ರಾನ್ಸ್‌ಫಾರ್ಮರು, ವೋಲ್ಟು ಅವೇ ಇರುವುದರಿಂದ ವಾಟು ಹೆಚ್ಚುವುದಿಲ್ಲ.

ಬಿಇಎಲ್ ವಾಲ್ವಿನ ಮಾತು ಬೇರೆ. ಇಎಲ್84, ಇಸಿಸಿ83 ಇಂಥವು ಜಾಲಹಳ್ಳಿಯಲ್ಲೇ ತಯಾರಾದವು. ಬಳಸದೆ ಉಳಿದ ಸರಕು ಸಿಕ್ಕರೆ ಧೈರ್ಯವಾಗಿ ಹಾಕಬಹುದು, ಮತ್ತು ನಮ್ಮೂರಿನ ವಾಲ್ವಿನಲ್ಲಿ ದೊರೆಸ್ವಾಮಿ ಅಯ್ಯಂಗಾರರನ್ನು ಕೇಳುವ ಸುಖವನ್ನು ನಾನೇಕೆ ತಪ್ಪಿಸಲಿ? ಆದರೆ ಔಟ್‌ಪುಟ್ ವಾಲ್ವುಗಳು ಜೋಡಿಯಾಗಿ ಹೊಂದಬೇಕು. ಪುಶ್‌ಪುಲ್‌ನಲ್ಲಿ ಒಂದು ಹೆಚ್ಚು ಕರೆಂಟು ಎಳೆದು ಇನ್ನೊಂದು ಕಡಿಮೆ ಎಳೆದರೆ ಟ್ರಾನ್ಸ್‌ಫಾರ್ಮರಿನ ತಿರುಳು ಒಂದು ಕಡೆಗೆ ವಾಲಿ ತಗ್ಗು ಸ್ವರ ಕೆಡುತ್ತದೆ. ಒಂಟಿ ಡಬ್ಬಿಗಳನ್ನು ಅಲ್ಲೊಂದು ಇಲ್ಲೊಂದು ಆರಿಸಿ ತಂದರೆ ಆಗದು. ಟೆಸ್ಟರಿನಲ್ಲಿ ಅಳೆದು ಜೊತೆ ಮಾಡಿಸಿ. ಮೊದಲ ಹಂತದ ಇಸಿಸಿ83 ಆದರೆ ಈ ತಲೆನೋವಿಲ್ಲ. ಇನ್ನು ಹೊಸ ವಾಲ್ವು ಈಗ ಬರುವುದು ಮುಖ್ಯವಾಗಿ ಸ್ಲೊವಾಕಿಯಾ, ರಷ್ಯಾ, ಚೀನಾದಿಂದ. 2022ರಲ್ಲಿ ಉಕ್ರೇನ್ ಯುದ್ಧ ಶುರುವಾದಾಗ ರಷ್ಯಾದ ವಾಲ್ವಿನ ಸರಬರಾಜು ಏರುಪೇರಾಗಿ ಜಗತ್ತಿನಲ್ಲೆಲ್ಲ ಬೆಲೆ ಜಿಗಿದಿತ್ತು. ಔಟ್‌ಪುಟ್ ವಾಲ್ವಿನ ಆಯಸ್ಸು ಕೆಲವು ಸಾವಿರ ಗಂಟೆ. ದಿನಕ್ಕೆ ಮೂರು ಗಂಟೆ ಕೇಳಿದರೆ ವರ್ಷಕ್ಕೆ ಸಾವಿರ ದಾಟುತ್ತದೆ. ಆದ್ದರಿಂದ ಹೊಸ ಪೆಟ್ಟಿಗೆ ಕೊಳ್ಳುವಾಗ ಸುಲಭವಾಗಿ ಸಿಗುವ ವಾಲ್ವಿನದನ್ನೇ ಕೊಳ್ಳುವುದು ಜಾಣತನ. ನನ್ನ ಆಯ್ಕೆ ಇಎಲ್34. ಸಿಗುವುದೂ ಸುಲಭ, ಬೆಲೆಯೂ ಕೆಟಿ88ಕ್ಕಿಂತ ಹಗುರ, ಮಧ್ಯಮ ಸ್ಥಾಯಿಯಲ್ಲಿ ಕಂಠಕ್ಕೆ ಒಪ್ಪುತ್ತದೆ.

ಈಗ ಪತ್ರದ ಆ ತುದಿಯ ಸಾಲು. ವಾಲ್ವಿನ ಹೀಟರಿಗೆ ಬೇಕಾದದ್ದು 6.3 ವೋಲ್ಟ್, ಹೆಚ್ಚೂ ಕಡಿಮೆ ಶೇ. 10ರೊಳಗೆ. 230ಕ್ಕೆ ಸುತ್ತಿದ ಪವರ್ ಟ್ರಾನ್ಸ್‌ಫಾರ್ಮರಿಗೆ 260 ಬಂದರೆ ಹೀಟರಿಗೆ 7.1 ಹೋಗುತ್ತದೆ, 400 ವೋಲ್ಟಿನ ಪ್ಲೇಟಿಗೆ 450. ವಾಲ್ವಿನ ಆಯಸ್ಸು ಕರಗುತ್ತದೆ, ಫಿಲ್ಟರ್ ಕಂಡೆನ್ಸರುಗಳು ಮಿತಿ ಮುಟ್ಟುತ್ತವೆ. 180ಕ್ಕೆ ಇಳಿದರೆ ಹೀಟರಿಗೆ ಐದು ವೋಲ್ಟೂ ಸಿಗದು. ಕ್ಯಾಥೋಡು ಸರಿಯಾಗಿ ಕಾಯದೆ ದುಡಿಯುತ್ತದೆ, ಅದೂ ಕೆಡುಕೇ. ತೋಟಗಳಿಗೆ ತ್ರೀ ಫೇಸ್ ಕೊಡುವ ಹೊತ್ತಿನಲ್ಲಿ ಸಾಲಾಗಿ ಪಂಪ್‌ಸೆಟ್ಟುಗಳು ಎದ್ದಾಗ ಮನೆಯ ಬಲ್ಬು ಒಮ್ಮೆ ಕುಗ್ಗಿ ಹಿಗ್ಗುವುದನ್ನು ನೀವು ನೋಡಿಯೇ ಇರುತ್ತೀರಿ. ರಾತ್ರಿ ಪಂಪುಗಳೆಲ್ಲ ನಿಂತ ಮೇಲೆ ಅದೇ ಲೈನಿನಲ್ಲಿ ಓಲ್ಟೇಜು ಮೇಲೇರುತ್ತದೆ. ನೀವು ಸಂಗೀತ ಕೇಳುವುದು ಹೆಚ್ಚಾಗಿ ಆ ಹೊತ್ತಿನಲ್ಲೇ ಅಲ್ಲವೇ?

ಮೊದಲ ಕೆಲಸವಾಗಿ ಒಂದು ಮಲ್ಟಿಮೀಟರ್ ತಂದು ಬೆಳಿಗ್ಗೆ, ಸಂಜೆ, ರಾತ್ರಿ ಹತ್ತರ ಮೇಲೆ ಪ್ಲಗ್ಗಿನಲ್ಲಿ ಎಷ್ಟಿದೆ ಎಂದು ಒಂದು ವಾರ ಬರೆದಿಡಿ. ವಿದೇಶದಿಂದ ತರಿಸುವ ಆಂಪ್ಲಿಫೈಯರುಗಳಲ್ಲಿ 220 ವೋಲ್ಟಿಗೆ ಸುತ್ತಿದವು ಬಹಳ. ನಮ್ಮ 240ಕ್ಕೆ ಅವು ಮೊದಲ ದಿನವೇ ಶೇ. 9ರಷ್ಟು ಬಿಸಿ. 230 ಅಥವಾ 240ರ ಟ್ಯಾಪ್ ಇದೆಯೇ ಎಂದು ಕೇಳದೆ ದುಡ್ಡು ಕೊಡಬೇಡಿ. ಬಳಿಕ ಸ್ಟೆಬಿಲೈಸರ್. ಫ್ರಿಜ್ಜಿಗೆ ಹಾಕುವ ರಿಲೇ ಮಾದರಿಯದು ಟಕ್ ಟಕ್ ಎಂದು ಮೆಟ್ಟಿಲು ಮೆಟ್ಟಿಲಾಗಿ ಬದಲಿಸುತ್ತದೆ. ಸರ್ವೋ ಮಾದರಿಯದು ನುಣ್ಣಗೆ ಸರಿಹೊಂದಿಸುತ್ತದೆ, ಅದೇ ಇರಲಿ. ನಾಲ್ಕು ಇಎಲ್34ಗಳ ಹೀಟರು ಕಾಯಿಸುವುದಕ್ಕೇ ಸುಮಾರು 38 ವಾಟ್ ಬೇಕು. ಎಲ್ಲ ಸೇರಿ 150ರಿಂದ 200 ವಾಟ್ ಎಳೆಯುವ ಪೆಟ್ಟಿಗೆಗೆ 500 ವಿಎ ಸ್ಟೆಬಿಲೈಸರ್ ಧಾರಾಳ. ಕರೆಂಟು ಹೋದಾಗ ಯುಪಿಎಸ್ ಮೇಲೆ ಓಡಿಸುವ ಯೋಚನೆಯಿದ್ದರೆ ಸೈನ್ ವೇವ್ ಯುಪಿಎಸ್ ಆಗಿರಬೇಕು. ಹಳೆಯ ಸ್ಕ್ವೇರ್ ವೇವ್ ಇನ್ವರ್ಟರಿನಲ್ಲಿ ಟ್ರಾನ್ಸ್‌ಫಾರ್ಮರೇ ಗುಂಯ್‌ಗುಟ್ಟತೊಡಗುತ್ತದೆ, ಹಾಡಿಗಿಂತ ಅದೇ ಜೋರು. ಕರೆಂಟು ಹೋದ ಕೂಡಲೆ ಸ್ವಿಚ್ ಆರಿಸಿ, ಬಂದ ಮೇಲೆ ಎರಡು ನಿಮಿಷ ಕಾದು ಹಾಕಿ. ಚೈತ್ರ ವೈಶಾಖದ ಗುಡುಗು ಮಳೆಯ ದಿನ ಪ್ಲಗ್ಗು ಕಿತ್ತಿಡುವುದನ್ನು ನಿಮಗೆ ಹೇಳಿಕೊಡಬೇಕಾಗಿಲ್ಲ.

ಅರ್ಥಿಂಗ್ ವಿಚಾರದಲ್ಲಿ ಹಳೇ ಹೆಂಚಿನ ಮನೆಗಳು ಮೋಸಮಾಡುತ್ತವೆ. ಗೋಡೆಯಲ್ಲಿ ಮೂರು ತೂತಿನ ಸಾಕೆಟ್ಟಿರುತ್ತದೆ, ಮೂರನೆಯದಕ್ಕೆ ತಂತಿಯೇ ಇರುವುದಿಲ್ಲ. ಹಿತ್ತಲಲ್ಲಿ ಗುಂಡಿ ತೋಡಿಸಿ, ಪೈಪು ಇಳಿಸಿ, ಸುತ್ತ ಇದ್ದಿಲು ಉಪ್ಪು ಪದರ ಪದರವಾಗಿ ತುಂಬಿಸಿ, ಬೇಸಿಗೆಯಲ್ಲಿ ಅದಕ್ಕೆ ನಾಲ್ಕು ಕೊಡ ನೀರು ಹೊಯ್ಯುತ್ತಿದ್ದರೆ ಕೊನೆಗೊಮ್ಮೆ ನಿಜವಾದ ಅರ್ಥ್ ಸಿಗುತ್ತದೆ. ಸ್ಪೀಕರಿನಲ್ಲಿ ಸದಾ ಕೇಳುವ ‘ಹಮ್’ ಎಷ್ಟೋ ಸಲ ಇಷ್ಟಕ್ಕೇ ಇಳಿದುಹೋಗುತ್ತದೆ. ಹಮ್ಮಿಗಿಂತ ದೊಡ್ಡ ಮಾತೆಂದರೆ ಜೀವ. ಈ ಪೆಟ್ಟಿಗೆಯ ಒಳಗೆ 400 ವೋಲ್ಟ್ ಡಿಸಿ ಇದೆ; ಪ್ಲಗ್ಗು ಕಿತ್ತ ಮೇಲೂ ಕಂಡೆನ್ಸರಿನಲ್ಲಿ ಉಳಿದಿರುತ್ತದೆ. ಅರ್ಥವಾಗದೆ ಕೈಹಾಕಬಾರದು. ಮನೆಯಲ್ಲಿ ಮಕ್ಕಳಿದ್ದರೆ ವಾಲ್ವುಗಳ ಮೇಲಿನ ಜಾಲರಿ ತೆಗೆಯಲೇಬೇಡಿ. ಔಟ್‌ಪುಟ್ ವಾಲ್ವಿನ ಗಾಜು ಬೆರಳು ಸುಡುವಷ್ಟು ಕಾಯುತ್ತದೆ. ಬೆಚ್ಚಗಿದೆ ಎಂದು ಹಲ್ಲಿ ಒಳಸೇರುವುದೂ ಉಂಟು, ಆಮೇಲೆ ಹಲ್ಲಿಯೂ ಇಲ್ಲ ಫ್ಯೂಸೂ ಇಲ್ಲ. ಸ್ಪೀಕರ್ ತಂತಿ ಜೋಡಿಸದೆ ಆಂಪ್ಲಿಫೈಯರಿಗೆ ಹಾಡು ಕೊಡಲೂಬಾರದು. ಟ್ರಾನ್ಸಿಸ್ಟರಿಗೆ ಅದು ಲೆಕ್ಕಕ್ಕಿಲ್ಲ. ವಾಲ್ವಿನಲ್ಲಿ ಹೊರೆಯಿಲ್ಲದ ಟ್ರಾನ್ಸ್‌ಫಾರ್ಮರಿನೊಳಗೆ ವೋಲ್ಟು ಉಕ್ಕಿ ಸುತ್ತುಗಳ ನಡುವೆ ಕಿಡಿ ಹಾರಬಹುದು. ನೀವು ದುಡ್ಡು ಹಾಕಿದ ಕಬ್ಬಿಣ ಒಂದೇ ಸಂಜೆಗೆ ಮುಗಿಯಿತು.

ನಡುವೆ ಒಂದು ಅಡ್ಡದಾರಿಯ ವಿಚಾರ. ಜಾತ್ರೆ, ಮದುವೆಗಳ ಮೈಕ್‌ಸೆಟ್‌ನವರ ಹತ್ತಿರ ಅಹೂಜಾದಂಥ ಹಳೇ ವಾಲ್ವ್ ಆಂಪ್ಲಿಫೈಯರುಗಳು ಧೂಳು ತಿನ್ನುತ್ತಿರುತ್ತವೆ. ‘ಅದನ್ನೇ ಹೈಫೈ ಮಾಡಿಸಿದರಾಯ್ತು’ ಎಂಬ ಹುಕಿ ಹಲವರಿಗೆ ಬರುತ್ತದೆ. ಅವನ್ನು ಕಟ್ಟಿದ್ದು ಕಹಳೆ ಸ್ಪೀಕರಿನಲ್ಲಿ ಮಾತು ಮೈಲಿ ದೂರ ಕೇಳಲಿ ಎಂದು. ಆ ಔಟ್‌ಪುಟ್ ಟ್ರಾನ್ಸ್‌ಫಾರ್ಮರು ತಗ್ಗು ಸ್ವರವನ್ನೂ ದಾಟಿಸದು, ತುತ್ತತುದಿಯ ಸ್ವರವನ್ನೂ ದಾಟಿಸದು. ಪವರ್ ಟ್ರಾನ್ಸ್‌ಫಾರ್ಮರು, ಷಾಸಿ, ಸಾಕೆಟ್ಟುಗಳು ಉಪಯೋಗಕ್ಕೆ ಬರುತ್ತವೆ. ಬೆಸುಗೆ ಹಾಕುವ ಹವ್ಯಾಸ ಇರುವವರು ಹೊಸ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ತರಿಸಿ ಕೂರಿಸಿಕೊಳ್ಳಬಹುದು, ಬಿಡಿಭಾಗಗಳಿಗೆ ಬೆಂಗಳೂರಿನ ಎಸ್.ಪಿ. ರಸ್ತೆ ಇದ್ದೇ ಇದೆ. ಬರೀ ಹಾಡು ಕೇಳಬೇಕೆನ್ನುವವರಿಗೆ ಈ ಗೋಜು ಬೇಡ.

ಮಾದಿಹಳ್ಳಿಯ ಓದುಗರಿಗೆ ನೇರವಾಗಿ ಹೇಳುವುದಾದರೆ: ಈ ವರ್ಷ ಆಂಪ್ಲಿಫೈಯರ್ ಕೊಳ್ಳಬೇಡಿ ಸ್ವಾಮಿ. ಅರ್ಥಿಂಗ್ ಮಾಡಿಸಿ, ಸರ್ವೋ ಸ್ಟೆಬಿಲೈಸರ್ ಹಾಕಿ. ಇವೆರಡೂ ಮುಂದೆ ಯಾವ ಆಂಪ್ಲಿಫೈಯರ್ ಬಂದರೂ ಬೇಕಾದದ್ದೇ. ಕೂಡಿಟ್ಟ ಹಣದ ದೊಡ್ಡ ಪಾಲನ್ನು 90ಕ್ಕೂ ಹೆಚ್ಚು ಡೆಸಿಬೆಲ್ಲಿನ, 8 ಓಮಿನ ಸ್ಪೀಕರಿಗೆ ಹಾಕಿ. ನಿಮ್ಮ ಇಎಲ್84ಗಳು ಎಂಥವೆಂದು ಆಗ ಮೊದಲ ಬಾರಿಗೆ ನಿಮಗೆ ಗೊತ್ತಾಗುತ್ತದೆ. ನನ್ನ ಅಂದಾಜಿನಲ್ಲಿ ಅಲ್ಲಿಗೇ ತೃಪ್ತಿಯಾಗುತ್ತದೆ.

ಆಗದಿದ್ದರೆ ಇಎಲ್34 ಪುಶ್‌ಪುಲ್ ನೋಡಿ. ನಿಮ್ಮಿಂದ ಬೆಂಗಳೂರು ಸುಮಾರು 200 ಕಿಲೋಮೀಟರು, 20 ಕಿಲೋ ಪೆಟ್ಟಿಗೆ ಹೊತ್ತುಕೊಂಡು ರಿಪೇರಿಗೆ ಓಡಾಡುವಂತಾಗಬಾರದು. ವಾಲ್ವ್ ಸಾಕೆಟ್ಟುಗಳನ್ನು ಸರ್ಕಿಟ್ ಬೋರ್ಡಿಗೇ ಬೆಸೆದಿದ್ದರೆ ವರ್ಷಗಟ್ಟಲೆ ಕಾದು ಆರಿ ಬೆಸುಗೆ ಬಿರುಕು ಬಿಡುತ್ತದೆ. ಷಾಸಿಗೆ ಕೂರಿಸಿ ಕೈಯಲ್ಲಿ ತಂತಿ ಎಳೆದದ್ದಾದರೆ ಹಿಂದೆ ವಾಲ್ವ್ ರೇಡಿಯೋ ಬಿಚ್ಚಿ ಕಟ್ಟಿದ ಹಾಸನದ ಯಾವ ಹಿರಿಯ ಮೆಕ್ಯಾನಿಕ್ಕೂ ಅದನ್ನು ಸರಿಮಾಡಿಯಾರು. ಬಯಾಸ್ ಅಳೆಯುವ ತೂತುಗಳು ಹೊರಗಡೆಯೇ ಇವೆಯೇ ನೋಡಿ, ಮಲ್ಟಿಮೀಟರ್ ಹೇಗೂ ತಂದಿರುತ್ತೀರಿ. ಸರ್ಕಿಟ್ ನಕ್ಷೆ ಕೊಡುತ್ತೀರಾ ಎಂದು ಕೇಳಿ. ‘ಅದೆಲ್ಲ ಯಾಕೆ ಸಾರ್, ಏನೂ ಆಗಲ್ಲ’ ಎನ್ನುವ ಅಂಗಡಿಯಿಂದ ಎದ್ದು ಬನ್ನಿ.